ರೋಮನ್ ನಗರಗಳ ರೂಪ ಬದಲಿಸಿದ್ದು ಕ್ರೈಸ್ತ ಧರ್ಮವೇ?

ಪರ: ದೇವರೂ ಸತ್ತವರೂ ಜಾಗ ಬದಲಿಸಿದರು

ರೋಮನ್ ಊರಿನ ನಕ್ಷೆ ಎರಡು ಕಟ್ಟಳೆಗಳ ಮೇಲೆ ನಿಂತಿತ್ತು. ದೇವರು ಊರ ನಡುವೆ, ಸತ್ತವರು ಊರ ಹೊರಗೆ. ಕ್ರೈಸ್ತ ಧರ್ಮ ಇವೆರಡನ್ನೂ ಮುರಿಯಿತು.

ರೋಮನ್ ದೇಗುಲದ ಬಲಿಪೀಠ ಇರುತ್ತಿದ್ದುದು ಹೊರಗೆ, ಮೆಟ್ಟಿಲ ಮುಂದೆ. ಬಲಿ, ಹೊಗೆ, ಮೆರವಣಿಗೆ ಎಲ್ಲವೂ ಬಯಲಿನಲ್ಲೇ. ಗರ್ಭಗೃಹದೊಳಗೆ ವಿಗ್ರಹ ಮತ್ತು ಕಾಣಿಕೆ, ಅಷ್ಟೇ. ಜನ ನಿಲ್ಲಲು ದೇಗುಲದ ಮುಂದೆ ಚೌಕ ಬೇಕಿತ್ತು. ಕ್ರೈಸ್ತರ ಪೂಜೆಯಾದರೋ ಚಾವಣಿಯ ಕೆಳಗೆ, ಇಡೀ ಸಭೆ ಒಳಗೆ ಸೇರಿ ನಡೆಯುವಂಥದ್ದು. 391ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಬಲಿಯನ್ನೂ ದೇಗುಲ ಪ್ರವೇಶವನ್ನೂ ನಿಷೇಧಿಸಿದ ಮೇಲೆ ಆ ಚೌಕಗಳಿಗಿದ್ದ ದೊಡ್ಡ ಕೆಲಸವೇ ಕಾನೂನುಬಾಹಿರವಾಯಿತು.

ಇದನ್ನು ಕಲ್ಲಿನಲ್ಲೇ ನೋಡಬೇಕೆಂದರೆ ಇಂದಿನ ತುರ್ಕಿಯಲ್ಲಿರುವ ಅಫ್ರೋಡಿಸಿಯಾಸ್‌ಗೆ ಹೋಗಬೇಕು. ಅಲ್ಲಿನ ಅಫ್ರೋಡೈಟಿ ದೇಗುಲಕ್ಕೆ ಮುಂದೆ ಹಿಂದೆ ಎಂಟೆಂಟು, ಎರಡು ಪಕ್ಕದಲ್ಲಿ ಹದಿಮೂರು ಹದಿಮೂರು ಕಂಬಗಳಿದ್ದವು. ಸುಮಾರು 500ರ ಹೊತ್ತಿಗೆ ಅದನ್ನು ಚರ್ಚು ಮಾಡಿದವರು ಮೊದಲು ಗರ್ಭಗೃಹದ ಗೋಡೆಗಳನ್ನು ಬಿಚ್ಚಿದರು. ಆ ಕಲ್ಲುಗಳಿಂದಲೇ ಕಂಬಸಾಲಿನ ಆಚೆ ಹೊಸ ಗೋಡೆ ಎಬ್ಬಿಸಿದರು. ಮುಂದಿನ, ಹಿಂದಿನ ಕಂಬಗಳನ್ನು ಕಿತ್ತು ಪಕ್ಕದ ಸಾಲುಗಳಿಗೆ ಜೋಡಿಸಿ ಉದ್ದ ಮಾಡಿದರು. ಊರಿಗೆ ಮುಖ ತೋರುತ್ತಿದ್ದ ಕಂಬಗಳು ಗೋಡೆಯೊಳಗೆ ಸೇರಿಹೋದವು. ಬಾಗಿಲು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿತು. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟಂತೆ ಇಡೀ ಕಟ್ಟಡ ತಿರುಗಿಬಿತ್ತು. ಕೊನೆಗೆ ಊರಿನ ಹೆಸರೂ ಉಳಿಯಲಿಲ್ಲ: ದೇವಿಯ ಹೆಸರು ಹೋಗಿ ‘ಸ್ಟಾವ್ರೊಪೊಲಿಸ್’, ಅಂದರೆ ಶಿಲುಬೆಯ ಊರು ಎಂದಾಯಿತು. ಇಂಥ ಬದಲಾವಣೆಯನ್ನು ಬಡತನವೋ ಯುದ್ಧವೋ ತಂದಿತೆಂದು ವಾದಿಸಲು ಸಾಧ್ಯವೇ?

ಇನ್ನು ಸತ್ತವರು. ಊರೊಳಗೆ ಹೂಳಬಾರದು, ಸುಡಬಾರದು ಎಂಬುದು ರೋಮಿನ ಅತಿ ಹಳೆಯ ಲಿಖಿತ ಕಾನೂನಾದ ಹನ್ನೆರಡು ಫಲಕಗಳ ಕಾಲದ ಕಟ್ಟಳೆ. ಸಮಾಧಿ ಕೆಡಿಸುವುದು ಅಪರಾಧ. ಆದರೂ ಚಕ್ರವರ್ತಿ ಕಾನ್‌ಸ್ಟಂಟೈನ್ ವ್ಯಾಟಿಕನ್ ಗುಡ್ಡದ ಇಳಿಜಾರಿನಲ್ಲಿದ್ದ ಸಮಾಧಿ ಮನೆಗಳ ಸಾಲಿಗೆ ಮಣ್ಣು ತುಂಬಿಸಿ, ನೆಲ ಸಮ ಮಾಡಿಸಿ, ಸಂತ ಪೀಟರನ ಗೋರಿಯ ಮೇಲೆ ಬೆಸಿಲಿಕಾ, ಅಂದರೆ ದೊಡ್ಡ ಚರ್ಚು, ಕಟ್ಟಿಸಿದ. ಗುಡ್ಡ ಕಡಿದು ತಗ್ಗು ತುಂಬುವ ಆ ಶ್ರಮಕ್ಕೆ ಒಂದೇ ಕಾರಣ: ಗೋರಿಯನ್ನು ಕದಲಿಸುವಂತಿರಲಿಲ್ಲ. ಸ್ಮಶಾನ ಯಾತ್ರಾಸ್ಥಳವಾಯಿತು. ಆರನೆಯ ಶತಮಾನಕ್ಕೆ ಬಂದರೆ ರೋಮಿನ ಗೋಡೆಯೊಳಗೇ ಹೂಳುವುದು ಶುರುವಾಗಿತ್ತು. ಸಾವಿರ ವರ್ಷದ ಮೈಲಿಗೆಯ ಗಡಿಯೊಂದು ಹಾಗೆ ಅಳಿಸಿಹೋಯಿತು.

ವಿರೋಧ: ಮೊದಲು ಬತ್ತಿದ್ದು ಕಾಸು, ಕಾಳು, ನೀರು

ಅಫ್ರೋಡಿಸಿಯಾಸ್‌ನ ಕಂಬಗಳ ಲೆಕ್ಕ ಸರಿಯೇ. ಸಿರಿಯಾದ ಅಪಾಮಿಯಾದಲ್ಲಿ ಬಿಷಪ್ ಮಾರ್ಸೆಲಸ್ ಗ್ರೀಕ್ ದೇವರು ಜ್ಯೂಸ್‌ನ ದೇಗುಲದ ಕಂಬಗಳ ಬುಡ ಅಗೆಸಿ, ಆಲಿವ್ ಮರದ ಆನಿಕೆ ಕೊಟ್ಟು, ಆನಿಕೆಗೆ ಬೆಂಕಿ ಇಟ್ಟು ಕಂಬ ಉರುಳಿಸಿದ ಕಥೆಯನ್ನೂ ಚರ್ಚಿನ ಇತಿಹಾಸಕಾರರೇ ಹೆಮ್ಮೆಯಿಂದ ಬರೆದಿದ್ದಾರೆ. ಅಲ್ಲಿ ಆದದ್ದು ಧ್ವಂಸ, ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಒಂದು ಕಟ್ಟಡ ಬದಲಾದದ್ದು ಬೇರೆ, ಊರೇ ಬದಲಾದದ್ದು ಬೇರೆ.

ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ರೋಮಿನ ನಡುಚೌಕವಾದ ಫೋರಂ ಸೀಮೆಯಲ್ಲಿ ಮೊದಲ ಚರ್ಚು, ಕಾಸ್ಮಾಸ್ ಮತ್ತು ಡೇಮಿಯನ್ ಸಂತರದ್ದು, ಬಂದದ್ದು 526–530ರ ನಡುವೆ. ಅದೂ ಆಗಲೇ ಇದ್ದ ಸಭಾಂಗಣದೊಳಗೆ. ರೋಮಿನ ಹಳೆಯ ದೇಗುಲ ಪ್ಯಾಂಥಿಯನ್ ಚರ್ಚಾದದ್ದು 609ರಲ್ಲಿ. ನಿಷೇಧದ ಕಾನೂನಿಗೂ ಇದಕ್ಕೂ ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ. ಊರಿನ ನಡುಭಾಗವನ್ನು ಚರ್ಚೇ ಒಡೆದಿದ್ದರೆ ಇಷ್ಟು ಕಾಯುತ್ತಿತ್ತೇ?

ಹಾಳುಬೀಳುವುದು ಅದಕ್ಕೂ ಮುಂಚೆಯೇ ಶುರುವಾಗಿತ್ತು. ದೇಗುಲ, ಸ್ನಾನಗೃಹ, ರಂಗಮಂದಿರಗಳನ್ನು ಕೈಯಿಂದ ಹಣ ಹಾಕಿ ಕಟ್ಟಿಸುತ್ತಿದ್ದವರು ನಗರಸಭೆಯ ಸಿರಿವಂತರು. ತೆರಿಗೆ ವಸೂಲಿಯೂ ಅವರ ತಲೆಯ ಮೇಲೇ ಇತ್ತು. ಕಡಿಮೆ ಬಿದ್ದರೆ ಸ್ವಂತ ಆಸ್ತಿಯಿಂದ ತುಂಬಬೇಕು. ಮೂರನೆಯ ಶತಮಾನದಲ್ಲೇ ಅವರ ದಾನಶಾಸನಗಳು ವಿರಳವಾದವು. ಹುದ್ದೆ ತಪ್ಪಿಸಿಕೊಳ್ಳಲು ಕೆಲವರು ಸೈನ್ಯ ಸೇರಿದರು, ಕೆಲವರು ಪಾದ್ರಿಗಳಾದರು. ಪಾದ್ರಿಗಳಾಗುವುದನ್ನು ತಡೆಯಲು ಸ್ವತಃ ಕಾನ್‌ಸ್ಟಂಟೈನನೇ ಕಾನೂನು ಮಾಡಬೇಕಾಯಿತು. ಬಿಷಪ್ಪರು ಕೂತದ್ದು ಖಾಲಿಯಾಗುತ್ತಿದ್ದ ಕುರ್ಚಿಗಳಲ್ಲಿ.

ಕಲ್ಲು ಕದ್ದವರು ಯಾರು? 458ರಲ್ಲಿ ಚಕ್ರವರ್ತಿ ಮೇಜೋರಿಯನ್ ಹೊರಡಿಸಿದ ಕಾನೂನು ಬೈಯುವುದು ಪಾದ್ರಿಗಳನ್ನಲ್ಲ. ಮನೆ ಕಟ್ಟಲು ಸರ್ಕಾರಿ ಕಟ್ಟಡ ಒಡೆಯುವ ಖಾಸಗಿಯವರನ್ನು, ಅದಕ್ಕೆ ಅನುಮತಿ ಕೊಡುವ ಅಧಿಕಾರಿಗಳನ್ನು. ಅನುಮತಿ ಕೊಟ್ಟ ನ್ಯಾಯಾಧಿಕಾರಿಗೆ 50 ಪೌಂಡ್ ಚಿನ್ನ ದಂಡ, ಕೆಳಗಿನ ನೌಕರನಿಗೆ ಹೊಡೆತ ಮತ್ತು ಕೈ ಕಡಿತ.

ಕಾಳಿನ ಕಥೆ ಚಿಕ್ಕದು. 439ರಲ್ಲಿ ಜರ್ಮನಿಕ್ ಜನಾಂಗವಾದ ವ್ಯಾಂಡಲರು ಉತ್ತರ ಆಫ್ರಿಕಾದ ಕಾರ್ಥೇಜ್ ಹಿಡಿದ ಮೇಲೆ ಆಫ್ರಿಕಾದ ಧಾನ್ಯ ರೋಮಿನ ಕೈತಪ್ಪಿತು, ಜನಸಂಖ್ಯೆ ಕುಸಿಯಿತು. ನೀರಿನದು ಮಾತ್ರ ವಿವರವಾಗಿ ಹೇಳಬೇಕಾದ್ದು. 537ರಲ್ಲಿ ರೋಮಿಗೆ ಮುತ್ತಿಗೆ ಹಾಕಿದ ಗಾಥರು, ಇನ್ನೊಂದು ಜರ್ಮನಿಕ್ ಜನಾಂಗ, ಊರಿಗೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದರು. ಅದೇ ಕಾಲುವೆಯೊಳಗಿಂದ ಶತ್ರು ನುಸುಳದಿರಲೆಂದು ಊರು ಕಾಯುತ್ತಿದ್ದ ಸೇನಾಪತಿ ಬೆಲಿಸೇರಿಯಸ್ ಒಳಬಾಯಿಗಳನ್ನೂ ಮುಚ್ಚಿಸಿದ. ಆ ನೀರಿನಿಂದ ತಿರುಗುತ್ತಿದ್ದ ಜ್ಯಾನಿಕುಲಂ ಗುಡ್ಡದ ಹಿಟ್ಟಿನ ಗಿರಣಿಗಳು ನಿಂತವು. ಆಗ ಅವನು ಟೈಬರ್ ನದಿಯಲ್ಲಿ ಎರಡೆರಡು ದೋಣಿಗಳನ್ನು ಎರಡು ಅಡಿ ಅಂತರದಲ್ಲಿ ಹಗ್ಗದಿಂದ ಬಿಗಿದು, ನಡುವೆ ಚಕ್ರ ಇಳಿಸಿ ಹಿಟ್ಟು ಬೀಸಿಸಿದ. ರೊಟ್ಟಿಗೆ ಹೀಗೆ ದಾರಿಯಾಯಿತು, ಸ್ನಾನಕ್ಕೆ ಆಗಲಿಲ್ಲ. ಒಂದೇ ಹೊತ್ತಿಗೆ 1,600 ಜನರಿಗೆ ಜಾಗವಿದ್ದ ಕ್ಯಾರಕಲ್ಲಾ ಸ್ನಾನಗೃಹ ಬತ್ತಿತು. ಅದನ್ನು ಮುಚ್ಚಿಸಲು ಯಾವ ಪೋಪನ ಆಜ್ಞೆಯೂ ಬೇಕಾಗಲಿಲ್ಲ.

ನೀರು ಕಳೆದುಕೊಂಡ ಗುಡ್ಡಗಳಿಂದ ಜನ ತಗ್ಗಿಗೆ ಇಳಿದು, ಟೈಬರ್ ತಿರುವಿನಲ್ಲಿ ಒತ್ತೊತ್ತಾಗಿ ನೆಲೆಸಿದರು. ಪೋಪನ ಸ್ವಂತ ಪೀಠ ಇದ್ದದ್ದು ಲ್ಯಾಟರನ್‌ನಲ್ಲಿ, ಕಾನ್‌ಸ್ಟಂಟೈನ್ ವಿಸರ್ಜಿಸಿದ ಅಶ್ವದಳದ ಪಾಳೆಯದ ಮೇಲೆ, ಕೋಟೆಗೋಡೆಯ ಹತ್ತಿರ. ಊರಿಗೆ ರೂಪ ಕೊಟ್ಟದ್ದು ಚರ್ಚೇ ಆಗಿದ್ದರೆ ಜನ ಅಲ್ಲಿ ಸೇರಬೇಕಿತ್ತು. ಮಧ್ಯಯುಗದ ಉದ್ದಕ್ಕೂ ಲ್ಯಾಟರನ್ ಸುತ್ತ ಇದ್ದದ್ದು ಹೊಲ, ದ್ರಾಕ್ಷಿತೋಟ, ಪಾಳುಗೋಡೆ. ಜನರ ಸಂದಣಿ ನದಿಯ ಮಗ್ಗುಲಲ್ಲಿತ್ತು.