ಎರಡು ಚೌಕಗಳ ನಡುವಿನ ಖಾಲಿ ಜಾಗ

ಅಪರಾಧ, ತನಿಖೆ, ವಿಚಾರಣೆಗಳ ಬಗ್ಗೆ ವಿಮರ್ಶಾತ್ಮಕವಾಗಿ ಯೋಚಿಸಲು ಕಲಿಸುವುದಕ್ಕೆ ನಮ್ಮ ಕಾನೂನು ಕಾಲೇಜುಗಳು ಕಾಮಿಕ್ಸನ್ನು ಬಳಸಿಕೊಳ್ಳಬೇಕೆಂಬುದು ನನ್ನ ವಾದ. ಅದರಲ್ಲಿ ಬರುವ ಪತ್ತೇದಾರರಿಗಾಗಿ ಅಲ್ಲ, ಅದನ್ನು ಕಟ್ಟಿರುವ ಬಗೆಗಾಗಿ.

ಅಮೆರಿಕದ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಪುಸ್ತಕವೊಂದರಲ್ಲಿ ಬರೆದು ತೋರಿಸಿರುವ ಎರಡು ಚೌಕಗಳು ಪ್ರಸಿದ್ಧವಾಗಿವೆ. ಮೊದಲನೆಯದರಲ್ಲಿ ಒಬ್ಬನು ಇನ್ನೊಬ್ಬನ ಮೇಲೆ ಕೊಡಲಿ ಎತ್ತಿದ್ದಾನೆ. ಎರಡನೆಯದರಲ್ಲಿ ರಾತ್ರಿಯ ನಗರ, ಅದರ ಮೇಲೆ ಒಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಮೆಕ್‌ಕ್ಲೌಡ್ ಬರೆದೇ ಇಲ್ಲ. ಚೌಕಗಳ ನಡುವಿನ ಬಿಳಿ ಪಟ್ಟಿಯಲ್ಲಿ ಆ ಏಟು ಹಾಕಿದವರು ಓದುಗರೇ.

ಕಣ್ಣಾರೆ ಕಂಡವರಿಲ್ಲದೆ ಸಾಂದರ್ಭಿಕ ಸಾಕ್ಷ್ಯವನ್ನೇ ನಂಬಿರುವ ಮೊಕದ್ದಮೆ ನಡೆಯುವುದೂ ಇದೇ ಪಟ್ಟಿಯ ಮೇಲೆ. ಮೃತ ವ್ಯಕ್ತಿಯೊಂದಿಗೆ ಆರೋಪಿ ಕೊನೆಯದಾಗಿ ಕಾಣಿಸಿಕೊಂಡಿದ್ದ, ಮರುದಿನ ಶವ ಸಿಕ್ಕಿತು. ನಡುವಿನದನ್ನು ನಾವು ಊಹಿಸುತ್ತೇವೆ. 1984ರ ಶರದ್ ಬಿರ್ದಿಚಂದ್ ಸಾರ್ಡಾ ಪ್ರಕರಣದಲ್ಲಿ, ಪತ್ನಿಗೆ ವಿಷವಿಟ್ಟು ಕೊಂದನೆಂದು ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿ, ಹೈಕೋರ್ಟ್ ಅದನ್ನು ಎತ್ತಿಹಿಡಿದಿದ್ದ ವ್ಯಕ್ತಿಯನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಸಂಗತಿಗಳ ಸರಪಳಿ ಎಲ್ಲಿಯೂ ತುಂಡಾಗಿರಬಾರದು, ಆರೋಪಿ ನಿರಪರಾಧಿಯಾಗಿರಬಹುದಾದ ಬೇರಾವ ಸಮಂಜಸ ವಿವರಣೆಗೂ ಅದರಲ್ಲಿ ಎಡೆ ಉಳಿಯಬಾರದು ಎಂದು ಅಂದು ಹೇಳಿದ ತತ್ತ್ವಗಳನ್ನು ಇಂದಿಗೂ ತೀರ್ಪುಗಳು ಉಲ್ಲೇಖಿಸುತ್ತವೆ. ಬಿಳಿ ಪಟ್ಟಿಯನ್ನು ನೋಡುವ ಅಭ್ಯಾಸವಿದ್ದವರಿಗೆ ಈ ತತ್ತ್ವವನ್ನು ಉರುಹೊಡೆಯಬೇಕಾಗಿಲ್ಲ.

ನಮ್ಮ ದೋಷಾರೋಪಣ ಪಟ್ಟಿಗಳನ್ನು ಓದಿದವರಿಗೆ ‘ಸ್ವಇಚ್ಛಾ ಹೇಳಿಕೆ’, ಅಂದರೆ ಆರೋಪಿ ತಾನಾಗಿಯೇ ಹೇಳಿದನೆಂದು ಪೊಲೀಸರು ಬರೆದುಕೊಳ್ಳುವ ಹೇಳಿಕೆ, ಹೊಸದಲ್ಲ. ‘ನನ್ನ ಜೊತೆಯಲ್ಲಿ ಬಂದಲ್ಲಿ ಮಚ್ಚನ್ನು ಬಿಸಾಡಿದ ಸ್ಥಳವನ್ನು ತೋರಿಸುತ್ತೇನೆ’ ಎಂಬ ಒಂದೇ ಧಾಟಿಯ ವಾಕ್ಯವನ್ನು ಬೇರೆ ಬೇರೆ ಠಾಣೆಗಳ ಬೇರೆ ಬೇರೆ ಆರೋಪಿಗಳು ಹೇಳಿರುತ್ತಾರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕಾನೂನು ಸಾಕ್ಷ್ಯವೆಂದು ಒಪ್ಪುವುದಿಲ್ಲ. ಆ ಮಾಹಿತಿಯಿಂದ ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗವನ್ನು ಮಾತ್ರ ಒಪ್ಪುತ್ತದೆ. ಹಿಂದೆ ಸಾಕ್ಷ್ಯ ಅಧಿನಿಯಮದ 25ರಿಂದ 27ನೇ ಕಲಮುಗಳಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಇದನ್ನು ಚಿತ್ರವಾಗಿ ಬರೆದು ನೋಡಿ: ಬಂಧನ ಒಂದು ಚೌಕ, ಪಂಚರ ಸಮಕ್ಷಮ ಮಚ್ಚು ಸಿಕ್ಕಿದ್ದು ಮುಂದಿನ ಚೌಕ. ಠಾಣೆಯ ಒಳಗಿನ ರಾತ್ರಿ ಯಾವ ಚೌಕದಲ್ಲಿಯೂ ಇಲ್ಲ.

ಆ ರಾತ್ರಿಯನ್ನು ಬರೆದ ಕಾಮಿಕ್ಸ್ ಇದ್ದವು. 1950ರ ದಶಕದ ಆರಂಭದಲ್ಲಿ ಅಮೆರಿಕದ ಇ.ಸಿ. ಎಂಬ ಕಾಮಿಕ್ಸ್ ಪ್ರಕಾಶನ ಸಂಸ್ಥೆಯ ಕಥೆಗಳಲ್ಲಿ ಪೊಲೀಸರು ಹೊಡೆದು ತಪ್ಪೊಪ್ಪಿಸುವುದನ್ನು ಮುಚ್ಚುಮರೆಯಿಲ್ಲದೆ ತೋರಿಸಲಾಗಿತ್ತು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂಬ ಗದ್ದಲವೆದ್ದು, 1954ರಲ್ಲಿ ಸೆನೆಟ್ ಉಪಸಮಿತಿಯ ವಿಚಾರಣೆ ನಡೆದ ಮೇಲೆ, ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆಯನ್ನು ಹಾಕಿಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಮೂಡುವಂತೆ ಬರೆಯಕೂಡದು. ಪ್ರತಿಯೊಂದು ಕಥೆಯಲ್ಲಿಯೂ ಒಳಿತೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಲೇಬೇಕು. (ಮುಖಪುಟದಲ್ಲಿ ‘ಕ್ರೈಂ’ ಎಂಬ ಪದದ ಅಕ್ಷರಗಳು ಎಷ್ಟು ದೊಡ್ಡದಿರಬಹುದೆಂಬುದಕ್ಕೂ ನಿಯಮವಿತ್ತು!) ತಪ್ಪು ವ್ಯಕ್ತಿಗೆ ಶಿಕ್ಷೆಯಾಗುವ ಕಥೆಗೆ ಅಲ್ಲಿ ಜಾಗವೇ ಉಳಿಯಲಿಲ್ಲ. ನಮ್ಮ ಸಂಸತ್ತೂ 1956ರಲ್ಲಿ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ಕಾಯ್ದೆ ತಂದಿತು. ಹಿಂಸೆಯ ವೈಭವೀಕರಣದ ಬಗೆಗಿನ ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಆತಂಕದ ನೆಪದಲ್ಲಿ ಪೊಲೀಸರನ್ನು ಪ್ರಶ್ನೆಯಿಂದ ಹೊರಗಿಟ್ಟದ್ದು ಮಕ್ಕಳ ರಕ್ಷಣೆಯಂತೂ ಅಲ್ಲ.

ಈಗ ಆ ಸಂಹಿತೆಯ ಕೆಲಸವನ್ನು ನಮ್ಮ ಟಿ.ವಿ. ವಾಹಿನಿಗಳ ಗ್ರಾಫಿಕ್ಸ್ ಮಾಡುತ್ತಿದೆ. ಆರೋಪಿ ಸಿಕ್ಕ ಸಂಜೆಯೇ ‘ಕೊಲೆ ನಡೆದದ್ದು ಹೀಗೆ’ ಎಂದು ಅವನ ಮುಖದ ಬೊಂಬೆಯೊಂದು ಪರದೆಯ ಮೇಲೆ ಚಾಕು ಬೀಸುತ್ತದೆ. ಬಿಳಿ ಪಟ್ಟಿಯೇ ಇಲ್ಲದ ಚಿತ್ರ ಅದು. ನೋಡುವವನಿಗೆ ಸಂಶಯಪಡಲು ಒಂದು ಕ್ಷಣವೂ ಸಿಗುವುದಿಲ್ಲ, ಸಂಶಯದ ಲಾಭ ಆರೋಪಿಗೆ ಎಲ್ಲಿಂದ ಬರಬೇಕು?

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ. ಮುಗಿದುಹೋದ ಪ್ರಕರಣವೊಂದರ ದೋಷಾರೋಪಣ ಪಟ್ಟಿಯನ್ನು, ಹೆಸರುಗಳನ್ನು ಅಳಿಸಿ, ವಿದ್ಯಾರ್ಥಿಗಳ ಕೈಗೆ ಕೊಡಿ. ಅದನ್ನು ಚೌಕ ಚೌಕವಾಗಿ ಬರೆಯಲಿ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ, ಕಡ್ಡಿ ಮನುಷ್ಯರು ಸಾಕು. ಪ್ರತಿ ಚೌಕದ ಕೆಳಗೆ ಅದನ್ನು ಕಂಡವರು ಯಾರು, ಅಥವಾ ಅದಕ್ಕೆ ಆಧಾರವಾದ ದಾಖಲೆ ಯಾವುದು ಎಂದು ನಮೂದಿಸಲಿ. ಯಾರೂ ಕಾಣದ, ಯಾವ ದಾಖಲೆಯೂ ಇಲ್ಲದ ಚೌಕವನ್ನು ಖಾಲಿ ಬಿಡಲಿ. ಆಮೇಲೆ ತೀರ್ಪನ್ನು ಓದಿಸಿ.