ಪಾಂಡಾದ ಬಾಲ ಹಿಡಿದು

ಹಳೇ ಟ್ರಾನ್ಸಿಸ್ಟರ್ ರೇಡಿಯೋಗೆ ಏರಿಯಲ್ ಇರುತ್ತಿತ್ತಲ್ಲ, ಎಳೆದರೆ ಉದ್ದ, ಒತ್ತಿದರೆ ಗಿಡ್ಡ? ಅಂಥದ್ದೇ ಒಂದು ಕೋಲು. ತುದಿಗೆ ಹಳದಿ ಬಾವುಟ. ಬಾವುಟದ ಕೆಳಗೆ ಅಂಗೈಯಷ್ಟು ದೊಡ್ಡ ಬಟ್ಟೆಯ ಪಾಂಡಾ. ಅದರ ಒಂದು ಕಿವಿ ಹರಿದಿದ್ದು, ಕೆಂಪು ದಾರದಲ್ಲಿ ಹೊಲಿದಿದ್ದರು. ಚೀನಾದ ಶಿಯಾನ್ ನಗರದಲ್ಲಿ ಮೂರು ದಿನ ಇದ್ದೆವು. ಅಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ಈ ಪಾಂಡಾವನ್ನೇ.

ಕೋಲು ಹಿಡಿದವಳು ನಮ್ಮ ಗೈಡ್. ಮೊದಲ ದಿನ ತನ್ನ ಚೀನೀ ಹೆಸರು ಹೇಳಿದಳು. ನಾವು 16 ಜನ ಅದನ್ನು 16 ಥರ ಉಚ್ಚರಿಸಿದೆವು. ನಕ್ಕು, ಕರೆಯುವುದಕ್ಕೆ ಸುಲಭವಾದ ಒಂದು ಇಂಗ್ಲಿಷ್ ಹೆಸರು ಕೊಟ್ಟಳು. ಅದಾದ ಮೇಲೆ ಶುರುವಾಯಿತು ಎಣಿಕೆ. ಬಸ್ ಹತ್ತಿದರೆ ಎಣಿಕೆ, ಇಳಿದರೆ ಎಣಿಕೆ, ಶೌಚಾಲಯಕ್ಕೆ ಹೋಗಿ ಬಂದರೂ ಎಣಿಕೆ. ಮದುವೆ ದಿಬ್ಬಣದ ಬಸ್ಸಿನಲ್ಲಿ ಸೋದರಮಾವ ಎಣಿಸುತ್ತಾನಲ್ಲ, ಹಾಗೆ. ಮಣ್ಣಿನ ಸೈನಿಕರನ್ನು ನೋಡಲು ಹೋದಾಗಲೂ ಅವಳ ಕಣ್ಣು ನಮ್ಮ ಮೇಲೇ ಇತ್ತು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಸೈನ್ಯ ಅದು. ಸಾಲು ಸಾಲಾಗಿ ನಿಂತಿದ್ದಾರೆ, ಎರಡು ಸಾವಿರ ವರ್ಷಕ್ಕೂ ಹಿಂದಿನವರು. "ಅವರು ಎಲ್ಲೂ ಹೋಗಲ್ಲ ಸರ್, ಹೋಗೋದು ನೀವು" ಎಂದಳು.

ಅವಳ ಮಾತು ಸುಳ್ಳಾಗಲಿಲ್ಲ. ಅವತ್ತೇ ಸಂಜೆ ನಾನು ಹೋದೆ.

ಊರ ನಡುವೆ ನಗಾರಿ ಗೋಪುರವಿದೆ, 1380ರದ್ದು. ಅದರ ಹಿಂದೆ ಮುಸ್ಲಿಮರ ಕೇರಿ. ಬೀದಿ ತುಂಬ ತಿಂಡಿ ಅಂಗಡಿ, ಹೊಗೆ, ಜೀರಿಗೆ ವಾಸನೆ, ಜನ. ನಮ್ಮೆಲ್ಲರ ಕಿವಿಗೂ ಅವಳು ಒಂದೊಂದು ಪುಟ್ಟ ಯಂತ್ರ ಸಿಕ್ಕಿಸಿದ್ದಳು. ಅವಳು ಎಷ್ಟೇ ಮುಂದಿದ್ದರೂ ಮಾತು ಕೇಳುತ್ತಿತ್ತು. ಒಂದು ಅಂಗಡಿಯಲ್ಲಿ ಪರ್ಸಿಮನ್ ಹಣ್ಣನ್ನು ಹಿಟ್ಟಿಗೆ ಕಲಸಿ, ಬಿಲ್ಲೆ ತಟ್ಟಿ ಎಣ್ಣೆಗೆ ಬಿಡುತ್ತಿದ್ದರು. ನೋಡಿದ್ದೇ ತಡ, ಹಲಸಿನ ಹಣ್ಣಿನ ಮುಳ್ಕ ನೆನಪಾಯಿತು. ಒಂದು ಕೊಂಡೆ. ಅಲ್ಲಿ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುತ್ತಾರೆ. ನಾನು ನೋಟು ಚಾಚಿದೆ. ಅಂಗಡಿಯಾಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಡ್ರಾಯರ್ ತಡಕಿ, ಪಕ್ಕದ ಅಂಗಡಿಗೆ ಓಡಿ ಚಿಲ್ಲರೆ ತಂದಳು. ಅಷ್ಟರಲ್ಲಿ ಕಿವಿಯ ಯಂತ್ರ ಕರ್ರ್ ಕರ್ರ್ ಎಂದು, ಸುಮ್ಮನಾಯಿತು.

ತಲೆ ಎತ್ತಿದೆ. ದೂರದಲ್ಲಿ ಹಳದಿ ಬಾವುಟ, ಪಾಂಡಾ! ಬಾಯಲ್ಲಿ ಬಿಸಿ ಬಿಲ್ಲೆ ಇಟ್ಟುಕೊಂಡೇ ಓಡಿದೆ. ಗುಂಪಿನ ಹಿಂದೆ ಸೇರಿ ನೆಮ್ಮದಿಯಾಗಿ ಹತ್ತು ನಿಮಿಷ ನಡೆದೆ. ಆಮೇಲೆ ಗಮನಿಸಿದರೆ ನನ್ನ ಸುತ್ತ ಇದ್ದವರೆಲ್ಲ ಚೀನೀ ಅಜ್ಜ ಅಜ್ಜಿಯರು. ಎಲ್ಲರಿಗೂ ಒಂದೇ ಥರದ ಕೆಂಪು ಟೋಪಿ. ಮುಂದಿದ್ದ ಪಾಂಡಾಗೆ ಎರಡು ಕಿವಿಯೂ ನೆಟ್ಟಗಿತ್ತು. ಒಬ್ಬ ಅಜ್ಜಿ ಪಾಪ, ನನ್ನ ಮುಖ ನೋಡಿ ಒಂದು ಕಿತ್ತಳೆ ಕೊಟ್ಟಳು.

ಸಿಕ್ಕಮೇಲೆ ಗೈಡ್ ಬೈಯಲಿಲ್ಲ. "ಹದಿನಾರು" ಎಂದಳು, ಅಷ್ಟೇ. ಬೈಯುವ ಕೆಲಸವನ್ನು ನನ್ನ ಹೆಂಡತಿ ಮಾಡಿದಳು.

ಮಾರನೇ ದಿನ ಕಾಡು ಹೆಬ್ಬಾತಿನ ಗೋಪುರ. ನಾನು ಜಂಬದಿಂದ, "ಇದು ಹ್ಯೂಯೆನ್ ತ್ಸಾಂಗ್ ಗೋಪುರ ತಾನೇ?" ಎಂದೆ. ಅವಳಿಗೆ ಅರ್ಥವೇ ಆಗಲಿಲ್ಲ. ಏಳನೇ ಕ್ಲಾಸಿನಿಂದ ಬಾಯಿಪಾಠ ಮಾಡಿದ ಹೆಸರು ರೀ! ಕೊನೆಗೆ ಎದುರಿಗಿದ್ದ ಪ್ರತಿಮೆ ತೋರಿಸಿದೆ. "ಓ, ಶ್ವಾನ್‌ಜಾಂಗ್!" ಎಂದಳು. ಅವನು ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿದ್ದಾನೆ, ಪುಲಕೇಶಿ ನಮ್ಮ ಬಾದಾಮಿಯವನು ಎಂದೆ. ಆ ಹೆಸರು ಹೇಳುವುದಕ್ಕೆ ಅವಳು ಮೂರು ಸಲ ಒದ್ದಾಡಿದಳು. ಅಲ್ಲಿಗೆ ಲೆಕ್ಕ ಚುಕ್ತಾ.

ಆಮೇಲೆ ಅವಳು ಹೇಳಿದ ಕಥೆ ನಮ್ಮ ಪಾಠದಲ್ಲಿ ಇರಲಿಲ್ಲ. ಆಗ ಗಡಿ ದಾಟುವುದಕ್ಕೆ ನಿಷೇಧವಿತ್ತಂತೆ. ಭಿಕ್ಷು ಶ್ವಾನ್‌ಜಾಂಗ್ ಕದ್ದುಮುಚ್ಚಿ ಭಾರತಕ್ಕೆ ಹೊರಟ. ಅವನಿಗೂ ಒಬ್ಬ ಗೈಡ್ ಸಿಕ್ಕಿದ್ದ. ರಾತ್ರೋರಾತ್ರಿ ಹೊಳೆ ದಾಟಿಸಿದ. ಮಲಗಿದ ಮೇಲೆ ಅದೇ ಗೈಡ್ ಕತ್ತಿ ಹಿರಿದು ಹತ್ತಿರ ಬಂದ, ಏನೆನ್ನಿಸಿತೋ, ವಾಪಸು ಹೋಗಿ ಮಲಗಿದ. ಬೆಳಗಾದ ಮೇಲೆ ಕೈಬಿಟ್ಟು ಹೋದ. ಭಿಕ್ಷುವಿಗೆ ಉಳಿದದ್ದು ಒಂದು ಮುದಿ ಕೆಂಪು ಕುದುರೆ. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ನಾಲ್ಕು ರಾತ್ರಿ, ಐದು ಹಗಲು ತೊಟ್ಟು ನೀರಿಲ್ಲ. ಆ ದಾರಿಯಲ್ಲಿ ಹಿಂದೆ ಎಷ್ಟೋ ಸಲ ಓಡಾಡಿದ್ದ ಕುದುರೆ, ಲಗಾಮು ಎಳೆದರೂ ಕೇಳದೆ ತನ್ನ ಪಾಡಿಗೆ ತಿರುಗಿ, ಹುಲ್ಲು ನೀರು ಇದ್ದ ಕಡೆಗೆ ಕರೆದುಕೊಂಡು ಹೋಯಿತು. 645ರಲ್ಲಿ ಆತ ಗ್ರಂಥಗಳ ಹೊರೆಯೊಂದಿಗೆ ಈ ಊರಿಗೇ ವಾಪಸು ಬಂದ. ಅವನ್ನು ಇಡುವುದಕ್ಕೆ ಅಂತಲೇ 652ರಲ್ಲಿ ಈ ಗೋಪುರ ಎದ್ದಿತು.

"ಆ ಗೈಡ್ ಒಳ್ಳೆಯವನಲ್ಲ, ಕುದುರೆ ಒಳ್ಳೆಯದು" ಎಂದು ಹೇಳಿ, ಒಮ್ಮೆ ನಮ್ಮನ್ನು ಎಣಿಸಿದಳು.

ಕೊನೆಯ ದಿನ ವಿಮಾನ ನಿಲ್ದಾಣದ ತಪಾಸಣೆಯವರೆಗೆ ಬಂದಳು. ಎಲ್ಲರ ಕಿವಿಯಿಂದ ಯಂತ್ರ ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡಳು. ಕೋಲನ್ನು ಅಂಗೈಗೆ ಒತ್ತಿ ಟಕಟಕ ಗಿಡ್ಡ ಮಾಡಿ ಅದರೊಳಗೇ ತುರುಕಿದಳು. ಹೊಲಿಗೆ ಹಾಕಿದ ಕಿವಿ ಮಾತ್ರ ಹೊರಗೆ ಇಣುಕುತ್ತಿತ್ತು. ಕೈ ಬೀಸಿ ತಿರುಗಿ ಹೋದಳು.

ಒಳಗೆ ಬಂದು ನಾವು 16 ಜನವೂ ಗುಂಪಾಗಿ ನಿಂತೆವು. ಗೇಟು ಎಡಕ್ಕೋ ಬಲಕ್ಕೋ? ಬೋರ್ಡುಗಳಲ್ಲಿ ಇಂಗ್ಲಿಷ್ ಇತ್ತು, ಬಾಣದ ಗುರುತೂ ಇತ್ತು. ಆದರೂ ಸುಮಾರು ಹೊತ್ತು ಒಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ.