ಆ ಎಲಿಮೆಂಟಿಗೆ ಸ್ಕ್ರೂಡ್ರೈವರ್ ಹಾಕಬೇಡಿ

ನಿನ್ನೆ ಉತ್ತರ ಕರ್ನಾಟಕದ ಒಂದು ಡಿಸ್ಟಿಲರಿಯಲ್ಲಿ ನೋಡಿದ್ದನ್ನು ಬರೆಯದೆ ಇರಲು ಆಗುತ್ತಿಲ್ಲ. ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಎಥನಾಲ್ ಟ್ಯಾಂಕಿನ ವೆಂಟ್‌ನಿಂದ (ಗಾಳಿ, ಆವಿ ಓಡಾಡುವ ಬಾಯಿ) ಬಿಚ್ಚಿ ತಂದ ಫ್ಲೇಮ್ ಅರೆಸ್ಟರಿನ (ಹೊರಗಿನ ಬೆಂಕಿ ಟ್ಯಾಂಕಿನೊಳಗೆ ಹೋಗದಂತೆ ತಡೆಯುವ ಸಾಧನ) ಎಲಿಮೆಂಟನ್ನು ನೆಲದ ಮೇಲೆ ಇಟ್ಟುಕೊಂಡು ಒಬ್ಬ ಹುಡುಗ ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದೇ ತೂತು ಕೆದಕುತ್ತಿದ್ದ. ಕಣಜದ ಹುಳು ಕಟ್ಟಿದ ಗೂಡಿನ ಮಣ್ಣು, ಬಾಯ್ಲರ್ ಬೂದಿ, ತುಕ್ಕಿನ ಪುಡಿ ಎಲ್ಲ ಉದುರುತ್ತಿತ್ತು. ಯಾರಪ್ಪ ಹೀಗೆ ಮಾಡು ಅಂದಿದ್ದು ಅಂತ ಕೇಳಿದೆ.

"ಜಾಮ್ ಆಗೇತ್ರಿ ಸರ, ಸ್ವಚ್ಛ ಮಾಡಂತ ಹೇಳ್ಯಾರ" ಅಂದ.

ಅವನ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಅವನಿಗೆ ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದ. ಅದು ಏನು, ಯಾಕೆ ಇದೆ ಅಂತ ಯಾರೂ ಅವನಿಗೆ ಹೇಳಿಲ್ಲ. ನನ್ನ ಸಿಟ್ಟೆಲ್ಲ ಹೇಳದವರ ಮೇಲೆ.

ಆ ಎಲಿಮೆಂಟ್ ಅಂದರೆ ತೆಳುವಾದ ಲೋಹದ ಪಟ್ಟಿ. ಒಂದು ನೆರಿಗೆ ಹಾಕಿದ್ದು, ಒಂದು ಸಪಾಟಾದದ್ದು. ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿರುತ್ತಾರೆ. ನಡುವೆ ಸಣ್ಣ ಸಣ್ಣ ತ್ರಿಕೋನದ ಸಂದುಗಳು ಉಳಿಯುತ್ತವೆ. ಗಾಳಿ, ಆವಿ ಓಡಾಡುತ್ತವೆ. ಬೆಂಕಿ ಬಂದರೆ ಮಾತ್ರ ಅದರ ಶಾಖವನ್ನು ಲೋಹ ಹೀರಿಕೊಂಡು ಅಲ್ಲೇ ಆರಿಸಿಬಿಡುತ್ತದೆ. ಲ್ಯಾಬಿನ ಪರೀಕ್ಷೆಯಲ್ಲಿ ಎಥನಾಲ್ ಬೆಂಕಿ ದಾಟದಂತೆ ತಡೆಯುವ ಸಂದು ಸುಮಾರು 0.9 ಮಿಲಿಮೀಟರ್ ಅಷ್ಟೇ. ಸ್ಕ್ರೂಡ್ರೈವರ್ ತುದಿ ತೂರಿಸಿದರೆ ಪಟ್ಟಿ ಬಾಗುತ್ತದೆ, ಸಂದು ಅಗಲವಾಗುತ್ತದೆ. ನೂರಾರು ಸಂದುಗಳಲ್ಲಿ ಒಂದು ಅಗಲವಾದರೂ ಸಾಕು, ಬೆಂಕಿ ಅಲ್ಲಿಂದಲೇ ನುಗ್ಗುತ್ತದೆ. ಹಂಫ್ರಿ ಡೇವಿ 1815ರಲ್ಲಿ ಕಲ್ಲಿದ್ದಲು ಗಣಿಗೆ ಜಾಲರಿ ಲ್ಯಾಂಪ್ ಮಾಡಿದಾಗಿನಿಂದ ಇದೇ ತತ್ವ. ಜಾಲರಿ ಒಂದು ಕಡೆ ಹರಿದರೂ ಆ ಲ್ಯಾಂಪನ್ನು ನಂಬುವಂತಿರಲಿಲ್ಲ.

ಎಥನಾಲ್ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ ಮುಖ್ಯ. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆ ಅಂದರೆ ಸಾಮಾನ್ಯವಾಗಿ ಉರಿಯಲು ಬೇಕಾದಷ್ಟು ಗಾಳಿಯೇ ಅಲ್ಲಿರುವುದಿಲ್ಲ. ಎಥನಾಲ್ ಹಾಗಲ್ಲ. ಗಾಳಿಯಲ್ಲಿ ಅದರ ಆವಿ ಸುಮಾರು 3.3ರಿಂದ 19 ಶೇಕಡಾ ಇದ್ದರೆ ಹೊತ್ತಿಕೊಳ್ಳುತ್ತದೆ. 30 ಡಿಗ್ರಿ ಬಿಸಿಲಿನಲ್ಲಿ ಟ್ಯಾಂಕಿನೊಳಗೆ ಅದು ಹತ್ತು ಶೇಕಡಾ ಆಸುಪಾಸು ಇರುತ್ತದೆ. ಅಂದರೆ ನಮ್ಮ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಹವೆಯಲ್ಲಿ ಅರ್ಧ ತುಂಬಿದ ಟ್ಯಾಂಕಿನ ಒಳಗೆ ಹೊತ್ತಿಕೊಳ್ಳುವ ಮಿಶ್ರಣ ಹೆಚ್ಚಿನ ಹೊತ್ತು ಸಿದ್ಧ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಸಿಡಿಲು ಬಡಿಯುವ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ವೆಂಟ್ ಬಾಯಲ್ಲಿ ಹೊತ್ತಿದ ಬೆಂಕಿ ಒಳಗೆ ಹೋಗದಂತೆ ತಡೆಯಲು ಅಲ್ಲಿರುವುದು ಆ ಎಲಿಮೆಂಟ್ ಒಂದೇ.

ಅದು ಹುಡುಗನ ಮುಂದೆ ನೆಲದ ಮೇಲಿತ್ತು. ಮೇಲೆ ಹೋಗಿ ನೋಡಿದರೆ ಎಲಿಮೆಂಟ್ ಕೂರುವ ಹೊರಕವಚವನ್ನು, ಅಂದರೆ ಖಾಲಿ ಹೌಸಿಂಗನ್ನೇ ಬೋಲ್ಟ್ ಹಾಕಿ ಬಿಗಿದಿದ್ದರು. ಕೆಳಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನಿಸಬೇಕು. ಕೆಳಗೆ ಟ್ಯಾಂಕರ್ ಲೋಡಿಂಗ್ ನಡೆದೇ ಇತ್ತು. ನನಗೆ ಕೈಕಾಲು ನಡುಗಿತು. ನಿಲ್ಲಿಸಿ ಅಂತ ಕೂಗಾಡಿದೆ, ನಿಲ್ಲಿಸಿದರು.

ಅಲ್ಲಿನ ಇಂಜಿನಿಯರ್ ಒಂದು ಮಾತು ಹೇಳಿದರು. "ಸರ್, ಜಾಮ್ ಆದದ್ದನ್ನು ಹಾಗೇ ಬಿಟ್ಟು ಪಂಪ್ ಮಾಡಿದರೆ ಟ್ಯಾಂಕೇ ಮುದುಡಿ ಹೋಗುತ್ತೆ." ನಿಜ. ಇಂಥ ಟ್ಯಾಂಕುಗಳು ತಡೆಯುವ ನಿರ್ವಾತ ಕೆಲವೇ ಸೆಂಟಿಮೀಟರ್ ಎತ್ತರದ ನೀರಿನ ಒತ್ತಡದಷ್ಟು. ಎಥನಾಲ್ ಹೊರಗೆ ಹೋಗುವಾಗ ಗಾಳಿ ಒಳಗೆ ಬರದಿದ್ದರೆ ತಗಡು ಒಳಕ್ಕೆ ಕುಸಿಯುತ್ತದೆ. ಆದರೆ ಅದಕ್ಕೆ ಉತ್ತರ ಖಾಲಿ ಹೌಸಿಂಗ್ ಅಲ್ಲ. ಸ್ಟೋರಿನಲ್ಲಿ ಒಂದು ಸ್ಪೇರ್ ಎಲಿಮೆಂಟ್ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಸ್ಪೇರ್ ದುಬಾರಿ ಅನ್ನುತ್ತಾರೆ. ಇದನ್ನು ನಾನು ಒಪ್ಪುವುದೇ ಇಲ್ಲ. ಟ್ಯಾಂಕಿನಲ್ಲಿರುವ ಸ್ಪಿರಿಟ್ಟಿಗೆ ಎಷ್ಟು ಬೆಲೆ? ಆ ಹುಡುಗನಿಗೆ?

ಸ್ವಚ್ಛ ಮಾಡುವುದು ಕಷ್ಟವೇನಲ್ಲ. ಮೊದಲು ಕೆಲಸದ ಪರ್ಮಿಟ್ (ಲಿಖಿತ ಅನುಮತಿ) ಪಡೆಯಿರಿ. ತುಂಬುವುದು, ಖಾಲಿ ಮಾಡುವುದು ಎರಡನ್ನೂ ನಿಲ್ಲಿಸಿ. ವೆಂಟ್ ಸುತ್ತ ಗ್ಯಾಸ್ ಮೀಟರ್ ಹಿಡಿದು ನೋಡಿ, ಆಮೇಲೆ ಕಿಡಿ ಹಾರದ ಸ್ಪ್ಯಾನರಿನಿಂದ ಬಿಚ್ಚಿ. ಬಿಚ್ಚಿದ ಕೂಡಲೇ ಸ್ಪೇರ್ ಕೂರಿಸಿ. ಹಳೆಯದನ್ನು ಟ್ಯಾಂಕಿನಿಂದ ದೂರ ಒಯ್ದು ತಯಾರಕರು ಹೇಳಿದ ದ್ರವದಲ್ಲಿ ನೆನೆಹಾಕಿ. ಕೊಳೆ ಬಿಟ್ಟ ಮೇಲೆ ಕಮ್ಮಿ ಒತ್ತಡದ ಗಾಳಿಯನ್ನು ಹಿಂದಿನಿಂದ ಊದಿ. ಪ್ರೆಶರ್ ಜೆಟ್ ಬೇಡ, ವೈರ್ ಬ್ರಶ್ ಬೇಡ, ತಂತಿ ತೂರಿಸುವುದಂತೂ ಬೇಡವೇ ಬೇಡ. ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಬೆಳಕು ಎಲ್ಲ ಕಡೆ ಒಂದೇ ಸಮ ಕಾಣಬೇಕು. ಒಂದು ಕಡೆ ಜಾಸ್ತಿ ಕಂಡರೆ, ಪಟ್ಟಿ ಬಾಗಿದ್ದರೆ, ಆ ಎಲಿಮೆಂಟ್ ಗುಜರಿಗೆ. ತಟ್ಟಿ ಸರಿಮಾಡಲು ಹೋಗಬೇಡಿ. ಮತ್ತೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ (ಅಂಚಿನ ಸಂದು ಮುಚ್ಚುವ ಪಟ್ಟಿ) ಹಾಕಿ. ಎಲಿಮೆಂಟ್ ಎಷ್ಟೇ ಚೆನ್ನಾಗಿದ್ದರೂ ಅಂಚಿನಲ್ಲಿ ಸಂದು ಉಳಿದರೆ ಬೆಂಕಿ ಪಕ್ಕದಿಂದ ದಾಟುತ್ತದೆ.

ವರ್ಷಕ್ಕೊಮ್ಮೆ ಬಿಚ್ಚಿ ನೋಡಿದರೆ ಸಾಕು ಅನ್ನುವ ಲೆಕ್ಕ ಸಕ್ಕರೆ ಕಾರ್ಖಾನೆ ಪಕ್ಕದಲ್ಲಿ ನಡೆಯುವುದಿಲ್ಲ. ಕಬ್ಬು ನುರಿಸುವ ಸೀಸನ್‌ನಲ್ಲಿ ಬಗಾಸೆ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಧೂಳು ಹೇಗೆ ಹಾರುತ್ತದೆ ಅಂತ ನಿಮಗೇ ಗೊತ್ತು, ಅಲ್ವಾ? ಸೀಸನ್ ಶುರುವಾಗುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಬಿಚ್ಚಿ ನೋಡಿ. ಆ ಕೆಲಸ ಮಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಎಲಿಮೆಂಟನ್ನು ಬೆಳಕಿಗೆ ಹಿಡಿದು ತೋರಿಸಿ. ಹತ್ತು ನಿಮಿಷದ ಕೆಲಸ.

ಡಿಸ್ಟಿಲರಿಯಲ್ಲಿರುವ ಗೆಳೆಯರು ನಾಳೆ ಡ್ಯೂಟಿಗೆ ಹೋದ ಕೂಡಲೇ ಸ್ಟೋರಿನಲ್ಲಿ ಕೇಳಿ. ಸ್ಪೇರ್ ಇಲ್ಲ ಅಂದರೆ ಅಲ್ಲೇ ನಿಂತು ಇಂಡೆಂಟ್ (ಬೇಡಿಕೆ ಪಟ್ಟಿ) ಬರೆಯಿರಿ: ಎಲಿಮೆಂಟ್ ಒಂದು, ಗ್ಯಾಸ್ಕೆಟ್ ಎರಡು, ತುರ್ತು.